ಕಾನ್ಫರೆನ್ಸ್‌ಗಳ ಬಲಾಬಲ ಅಳೆಯುವುದು ಹೇಗೆ: ಅಮೆರಿಕದ ಕಾಲೇಜು ಫುಟ್‌ಬಾಲಿನಿಂದ ತುಮಕೂರಿನ ಕಬಡ್ಡಿ ಅಂಕಣದವರೆಗೆ

ತುಮಕೂರಿನ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕ್ರೀಡೆಯ ವಿಷಯ ಆರಿಸಿಕೊಳ್ಳುವಾಗ ಬಹುಮಟ್ಟಿಗೆ ಐಪಿಎಲ್ ಅಂಕಿ-ಅಂಶಗಳ ಕಡೆಗೇ ಹೋಗುತ್ತಾರೆ. ಅವರಿಗೆ ನಾನು ಸೂಚಿಸುವುದು ಅಮೆರಿಕದ ಕಾಲೇಜು ಫುಟ್‌ಬಾಲನ್ನು. ಐಪಿಎಲ್‌ನಲ್ಲಿ ಎಲ್ಲ ತಂಡಗಳೂ ಒಂದಕ್ಕೊಂದು ಎದುರಾಗುವುದರಿಂದ ಅಂಕಪಟ್ಟಿ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಕಾಲೇಜು ಫುಟ್‌ಬಾಲಿನಲ್ಲಿ ಹಾಗಲ್ಲ. ಅಲ್ಲಿನ ತಂಡಗಳು ಕಾನ್ಫರೆನ್ಸ್ ಎಂದು ಕರೆಯುವ ಬೇರೆ ಬೇರೆ ಕೂಟಗಳಾಗಿ ಹಂಚಿಹೋಗಿವೆ, ತಮ್ಮ ಕೂಟದೊಳಗೇ ಹೆಚ್ಚು ಆಡುತ್ತವೆ, ಹೊರಗಿನವರೊಂದಿಗೆ ಬಹಳ ಕಡಿಮೆ ಆಡುತ್ತವೆ. ಶಿರಾ ತಾಲ್ಲೂಕಿನ ಕಬಡ್ಡಿ ಬಲವಾದದ್ದೋ ಕುಣಿಗಲ್ ತಾಲ್ಲೂಕಿನದೋ ಎಂಬ ನಮ್ಮ ಪ್ರಶ್ನೆಯ ಸ್ವರೂಪವೂ ಅದೇ ಆಗಿರುವುದರಿಂದ, ಅಲ್ಲಿ ಕಲಿತ ಲೆಕ್ಕ ಇಲ್ಲಿಗೂ ಒದಗುತ್ತದೆ.

ಮೊದಲಿಗೆ ಏರ್ಪಾಡನ್ನು ತಿಳಿದುಕೊಳ್ಳಬೇಕು. ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ಕಾಲೇಜುಗಳ ಅತ್ಯುನ್ನತ ವಿಭಾಗಕ್ಕೆ ಎಫ್‌ಬಿಎಸ್ ಎಂದು ಹೆಸರು. 2024ರಲ್ಲಿ ಅದರಲ್ಲಿ 134 ತಂಡಗಳಿದ್ದವು. ಒಂದು ತಂಡ ಋತುವಿನಲ್ಲಿ ಸಾಮಾನ್ಯವಾಗಿ 12 ನಿಯತ ಪಂದ್ಯಗಳನ್ನಷ್ಟೇ ಆಡುತ್ತದೆ, ಅವುಗಳಲ್ಲಿ 8 ಅಥವಾ 9 ಪಂದ್ಯಗಳು ತನ್ನದೇ ಕಾನ್ಫರೆನ್ಸ್‌ನ ತಂಡಗಳ ವಿರುದ್ಧ. ಎಸ್‌ಇಸಿ, ಬಿಗ್ ಟೆನ್, ಬಿಗ್ ಟ್ವೆಲ್ವ್ ಮತ್ತು ಎಸಿಸಿ ಎಂಬ ನಾಲ್ಕನ್ನು ದೊಡ್ಡ ಕಾನ್ಫರೆನ್ಸ್‌ಗಳೆಂದು ಎಣಿಸುತ್ತಾರೆ. ಅಮೆರಿಕನ್, ಮೌಂಟನ್ ವೆಸ್ಟ್, ಸನ್ ಬೆಲ್ಟ್, ಮಿಡ್-ಅಮೆರಿಕನ್ ಮೊದಲಾದವು ಅವುಗಳ ನಂತರದ ಸಾಲಿನವು. ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಿ ಭಾಗಾಕಾರ ಮಾಡಬೇಡಿ: 2024ರಲ್ಲಿ ಬಿಗ್ ಟೆನ್‌ನಲ್ಲಿ 18 ತಂಡಗಳಿದ್ದವು, ಬಿಗ್ ಟ್ವೆಲ್ವ್‌ನಲ್ಲಿ 16, ಎಸ್‌ಇಸಿಯಲ್ಲಿ 16, ಎಸಿಸಿಯಲ್ಲಿ 17.

ಸದಸ್ಯತ್ವ ಬದಲಾಗುತ್ತಲೇ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ಬಿಗ್ ಟ್ವೆಲ್ವ್ ಬಿಟ್ಟು ಎಸ್‌ಇಸಿಗೆ ಬಂದವು. ಅದೇ ವರ್ಷ ಯುಎಸ್‌ಸಿ, ಯುಸಿಎಲ್ಎ, ಆರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಸೇರಿದವು. ಹೀಗಿರುವಾಗ ಹತ್ತು ವರ್ಷದ ದಾಖಲೆಯನ್ನು ಕಾನ್ಫರೆನ್ಸ್‌ನ ಹೆಸರಿನಡಿಯಲ್ಲಿ ಒಟ್ಟುಗೂಡಿಸಿದರೆ, ಒಂದೇ ಹೆಸರಿನಡಿ ಎರಡು ಬೇರೆ ಗುಂಪುಗಳನ್ನು ಕೂಡಿಸಿದಂತಾಗುತ್ತದೆ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದನ್ನು ನೆನೆಯಿರಿ. ಅದಕ್ಕೂ ಹಿಂದಿನ ಕೋಲಾರ ಜಿಲ್ಲೆಯ ಕ್ರೀಡಾ ದಾಖಲೆಯಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಗಳ ಹುಡುಗರೂ ಇದ್ದಾರೆ; ಈಗಿನ ಕೋಲಾರದ ಬಲ ಹೇಳಲು ಆ ದಾಖಲೆಯನ್ನು ಇದ್ದ ಹಾಗೆ ಬಳಸುವಂತಿಲ್ಲ.

ಪ್ರಶ್ನೆಯನ್ನು ಮೊದಲು ಬರೆದಿಡಿ

‘ಯಾವ ಕಾನ್ಫರೆನ್ಸ್ ಬಲಿಷ್ಠ’ ಎಂಬ ಒಂದೇ ವಾಕ್ಯದೊಳಗೆ ಕನಿಷ್ಠ ಮೂರು ಪ್ರಶ್ನೆಗಳಿವೆ. ಅತ್ಯುತ್ತಮ ತಂಡಗಳು ಎಲ್ಲಿವೆ ಎಂಬುದು ಒಂದು, ನಡುವಿನ ತಂಡಗಳು ಎಲ್ಲಿ ಗಟ್ಟಿಯಾಗಿವೆ ಎಂಬುದು ಇನ್ನೊಂದು, ಕೊನೆಯ ಸ್ಥಾನದ ತಂಡವೂ ಸುಲಭಕ್ಕೆ ಸೋಲದ ಕೂಟ ಯಾವುದು ಎಂಬುದು ಮತ್ತೊಂದು. ವಾದಗಳು ಬಗೆಹರಿಯದೆ ಉಳಿಯುವುದಕ್ಕೆ ಮುಖ್ಯ ಕಾರಣ, ಒಬ್ಬರು ಮೊದಲನೆಯದಕ್ಕೆ ಉತ್ತರ ಕೊಡುತ್ತಿರುವಾಗ ಇನ್ನೊಬ್ಬರು ಎರಡನೆಯದನ್ನು ಕೇಳುತ್ತಿರುವುದು.

2006ರಿಂದ 2012ರವರೆಗಿನ ಏಳು ಋತುಗಳಲ್ಲಿಯೂ ರಾಷ್ಟ್ರೀಯ ಪ್ರಶಸ್ತಿ ಎಸ್‌ಇಸಿಗೇ ಹೋಯಿತು. ಎಸ್‌ಇಸಿ ಅಭಿಮಾನಿಗಳು ಇಂದಿಗೂ ಮೊದಲು ಎತ್ತುವ ಮಾತು ಅದು. ಆದರೆ ಆ ಏಳು ಪ್ರಶಸ್ತಿಗಳನ್ನು ಗೆದ್ದವು ಫ್ಲಾರಿಡಾ, ಎಲ್‌ಎಸ್‌ಯು, ಅಲಬಾಮಾ ಮತ್ತು ಆಬರ್ನ್ ಎಂಬ ನಾಲ್ಕೇ ಕಾಲೇಜುಗಳು. ಉಳಿದ ತಂಡಗಳು ಎಷ್ಟು ಬಲವಾಗಿದ್ದವು ಎಂಬುದರ ಬಗ್ಗೆ ಆ ಪ್ರಶಸ್ತಿಗಳು ನೇರವಾಗಿ ಏನನ್ನೂ ಹೇಳುವುದಿಲ್ಲ. ಪ್ರಶಸ್ತಿಗಳ ಎಣಿಕೆ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ.

ನನಗೆ ಹೆಚ್ಚು ಉಪಯುಕ್ತವೆನಿಸಿರುವ ವಿಧಾನವೆಂದರೆ ಒಂದು ಕಾಲ್ಪನಿಕ ತಂಡವನ್ನು ಎರಡೂ ಕಾನ್ಫರೆನ್ಸ್‌ಗಳಿಗೆ ಸರದಿಯಾಗಿ ಇಳಿಸಿ, ಅದು ಎಷ್ಟು ಪಂದ್ಯ ಗೆಲ್ಲಬಹುದು ಎಂದು ಅಂದಾಜು ಮಾಡುವುದು. ಆ ತಂಡ ಅತ್ಯುತ್ತಮವಾಗಿದ್ದರೆ ಸಾಧಾರಣ ತಂಡಗಳನ್ನೂ ದುರ್ಬಲ ತಂಡಗಳನ್ನೂ ಹೇಗಿದ್ದರೂ ಸೋಲಿಸುತ್ತದೆ. ಅದಕ್ಕೆ ಕಷ್ಟವಾಗುವುದು ತನಗೆ ಸರಿಸಾಟಿಯಾದ ಮೂರು ನಾಲ್ಕು ಎದುರಾಳಿಗಳಿಂದ ಮಾತ್ರ. ಅದೇ ತಂಡ ಮಧ್ಯಮವಾಗಿದ್ದರೆ ಮೇಲಿನ ತಂಡಗಳ ಎದುರು ಸೋಲು ಖಚಿತ, ನಡುವಿನವರು ಮತ್ತು ಕೆಳಗಿನವರು ಎಷ್ಟು ಗಟ್ಟಿ ಎಂಬುದರ ಮೇಲೆ ಅದರ ಋತು ನಿಂತಿರುತ್ತದೆ. ಆದ್ದರಿಂದ ಒಂದೇ ಕಾನ್ಫರೆನ್ಸ್ ಬಲಿಷ್ಠ ತಂಡಕ್ಕೆ ಸುಲಭವಾಗಿಯೂ ಮಧ್ಯಮ ತಂಡಕ್ಕೆ ಕಠಿಣವಾಗಿಯೂ ಇರಬಹುದು. ಯಾರ ಕಣ್ಣಿನಿಂದ ಅಳೆಯುತ್ತಿದ್ದೀರಿ ಎಂಬುದನ್ನು ಪುಟದ ತಲೆಯಲ್ಲೇ ಬರೆದಿಟ್ಟು ಮುಂದುವರಿಯಿರಿ.

ಒಳಗಿನ ಪಂದ್ಯಗಳನ್ನು ಪಕ್ಕಕ್ಕಿಡಿ

ಈ ಹೆಜ್ಜೆಯನ್ನು ತಪ್ಪಿಸಿದರೆ ಮುಂದಿನದೆಲ್ಲ ವ್ಯರ್ಥ. 2024ರಲ್ಲಿ ಎಸ್‌ಇಸಿಯ 16 ತಂಡಗಳು ತಲಾ 8 ಪಂದ್ಯಗಳನ್ನು ಕೂಟದೊಳಗೆ ಆಡಿದವು. ಒಟ್ಟು 64 ಪಂದ್ಯ, 64 ಗೆಲುವು, 64 ಸೋಲು. ಆ ಹದಿನಾರೂ ತಂಡಗಳು ಈಗಿರುವುದಕ್ಕಿಂತ ಎರಡು ಪಟ್ಟು ಬಲಿಷ್ಠವಾಗಿದ್ದರೂ, ಅರ್ಧದಷ್ಟೇ ಬಲವಾಗಿದ್ದರೂ ಈ ಮೊತ್ತ ಬದಲಾಗುತ್ತಿರಲಿಲ್ಲ. ಕೂಟದೊಳಗಿನ ಪಂದ್ಯ ಬಲವನ್ನು ಸದಸ್ಯರ ನಡುವೆ ಹಂಚಿ ತೋರಿಸುತ್ತದೆಯೇ ಹೊರತು ಒಟ್ಟು ಬಲ ಎಷ್ಟೆಂದು ಹೇಳುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ಅಲಬಾಮಾವನ್ನು 40-35ರಿಂದ ಸೋಲಿಸಿತು. ಬಹುಕಾಲ ಎಸ್‌ಇಸಿಯ ತಳದಲ್ಲಿದ್ದ ತಂಡವೇ ಅಲಬಾಮಾವನ್ನು ಕೆಡವಬಲ್ಲದಾದರೆ ಆ ಕೂಟ ಎಷ್ಟು ಆಳವಾಗಿರಬೇಕು ಎಂದು ವಾದಿಸಬಹುದು. ಅಲಬಾಮಾ ಇಳಿಮುಖವಾಗಿದೆ, ಆದ್ದರಿಂದ ಕೂಟದ ತಲೆಯೇ ತಗ್ಗಿದೆ ಎಂದೂ ವಾದಿಸಬಹುದು. ಎರಡೂ ವಾದಗಳಿಗೆ ಸಮನಾಗಿ ಹೊಂದುವ ಸಾಕ್ಷ್ಯ ಎರಡಕ್ಕೂ ಸಾಕ್ಷ್ಯವಲ್ಲ. ವಾರಾವಾರ ಪ್ರಕಟವಾಗುವ ಮತಾಧಾರಿತ ಶ್ರೇಯಾಂಕಗಳಲ್ಲಿಯೂ ಇದೇ ತೊಡಕು ಇದೆ. ಋತುವಿಗೆ ಮೊದಲೇ ಒಂದು ಕೂಟದ ಏಳೆಂಟು ತಂಡಗಳಿಗೆ ಮೇಲಿನ ಶ್ರೇಯಾಂಕ ಸಿಕ್ಕಿದ್ದರೆ, ಅವು ಪರಸ್ಪರ ಸೋತಾಗಲೂ ‘ಶ್ರೇಯಾಂಕಿತ ತಂಡದ ಎದುರು ಸೋತದ್ದು’ ಎಂಬ ರಿಯಾಯಿತಿ ಸಿಗುತ್ತದೆ, ಹಾಗಾಗಿ ಮೊದಲಿನ ಊಹೆ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತ ಹೋಗುತ್ತದೆ.

ಗಡಿ ದಾಟಿದ ಪಂದ್ಯಗಳನ್ನು ಮಾತ್ರ ಕಲೆಹಾಕಿ

ಉಳಿಯುವುದು ಎರಡು ಕೂಟಗಳ ನಡುವೆ ನಡೆದ ಪಂದ್ಯಗಳು. ಅವುಗಳಲ್ಲಿಯೂ ಎಫ್‌ಸಿಎಸ್ ಎಂಬ ಕೆಳ ವಿಭಾಗದ ತಂಡಗಳ ವಿರುದ್ಧದ ಗೆಲುವುಗಳನ್ನು ಮೊದಲೇ ತೆಗೆದುಹಾಕಿ, ಏಕೆಂದರೆ ದೊಡ್ಡ ಕಾಲೇಜುಗಳು ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುವ ಪದ್ಧತಿ ಅಲ್ಲಿದೆ. 2007ರಲ್ಲಿ ಹೀಗೆ ಬಂದಿದ್ದ ಆಪಲೇಚಿಯನ್ ಸ್ಟೇಟ್ ತಂಡ ಮಿಷಿಗನ್ ತಂಡವನ್ನು ಅದರ ತವರಿನಲ್ಲೇ 34-32ರಿಂದ ಸೋಲಿಸಿದ್ದು ಇಂದಿಗೂ ಮಾತಾಗುವುದು ಅಂಥದ್ದು ಅಪರೂಪ ಎಂಬ ಕಾರಣಕ್ಕೆ. ಅಂಥ ಸೋಲನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ, ಗೆಲುವುಗಳನ್ನು ಮಾತ್ರ ಬಿಡಿ.

ಒಂದು ನಿಜವಾದ ಲೆಕ್ಕವನ್ನು ಮಾಡಿ ನೋಡೋಣ. 2024ರ ಋತುವಿನಲ್ಲಿ ಎಸ್‌ಇಸಿ ಮತ್ತು ಬಿಗ್ ಟೆನ್ ತಂಡಗಳು ಹತ್ತು ಸಲ ಎದುರಾದವು. ನಿಯತ ಋತುವಿನಲ್ಲಿ ಟೆಕ್ಸಸ್ ತಂಡ ಮಿಷಿಗನ್‌ನ ಮೈದಾನಕ್ಕೆ ಹೋಗಿ 31-12ರಿಂದ ಗೆದ್ದಿತು; ಅಲಬಾಮಾ ವಿಸ್ಕಾನ್ಸಿನ್‌ನ ಮೈದಾನದಲ್ಲಿ 42-10ರಿಂದ ಗೆದ್ದಿತು; ಎಲ್‌ಎಸ್‌ಯು ತನ್ನ ತವರಿನಲ್ಲಿ ಯುಸಿಎಲ್ಎಯನ್ನು 34-17ರಿಂದ ಸೋಲಿಸಿತು; ಅದೇ ಎಲ್‌ಎಸ್‌ಯು ಲಾಸ್ ವೇಗಸ್‌ನ ತಟಸ್ಥ ಮೈದಾನದಲ್ಲಿ ಯುಎಸ್‌ಸಿಗೆ 20-27ರಿಂದ ಸೋತಿತ್ತು. ಋತುವಿನ ಕೊನೆಯ ಪ್ಲೇಆಫ್ (ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ನಾಕೌಟ್) ಮತ್ತು ಬೌಲ್ (ತಂಡಗಳನ್ನು ಆಹ್ವಾನಿಸಿ ನಡೆಸುವ ಬಿಡಿ ಪಂದ್ಯ) ಪಂದ್ಯಗಳಲ್ಲಿ ಓಹಾಯೊ ಸ್ಟೇಟ್ ತನ್ನ ತವರಿನಲ್ಲಿ ಟೆನಸಿಯನ್ನು 42-17ರಿಂದ, ಅನಂತರ ಟೆಕ್ಸಸ್ ತಂಡವನ್ನು 28-14ರಿಂದ ಮಣಿಸಿತು. ಮಿಷಿಗನ್ ಅಲಬಾಮಾವನ್ನು 19-13ರಿಂದ, ಇಲಿನಾಯ್ ಸೌತ್ ಕ್ಯಾರೊಲಿನಾವನ್ನು 21-17ರಿಂದ, ಯುಎಸ್‌ಸಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು 35-31ರಿಂದ ಸೋಲಿಸಿದವು. ಮಿಸೌರಿ ಮಾತ್ರ ಅಯೊವಾ ವಿರುದ್ಧ 27-24ರಿಂದ ಗೆದ್ದು ಎಸ್‌ಇಸಿಯ ಮರ್ಯಾದೆ ಉಳಿಸಿತು.

ಗೆಲುವುಗಳನ್ನಷ್ಟೇ ಎಣಿಸಿದರೆ ಬಿಗ್ ಟೆನ್ 6, ಎಸ್‌ಇಸಿ 4. ಇಲ್ಲಿಗೇ ಲೆಕ್ಕ ಮುಚ್ಚುವವರು ಬಹಳ ಮಂದಿ. ಅಂಕಗಳ ಅಂತರವನ್ನು ಎಸ್‌ಇಸಿಯ ಕಡೆಯಿಂದ ಬರೆದರೆ ನಿಯತ ಋತುವಿನಲ್ಲಿ +19, +32, +17, -7, ಒಟ್ಟು +61. ಕೊನೆಯ ಆರು ಪಂದ್ಯಗಳಲ್ಲಿ -25, -14, -6, -4, -4, +3, ಒಟ್ಟು -50. ಎರಡನ್ನೂ ಕೂಡಿದರೆ +11, ಅಂದರೆ ಪಂದ್ಯಕ್ಕೆ 1.1 ಅಂಕದಷ್ಟು ಎಸ್‌ಇಸಿ ಮುಂದು. ಹೆಚ್ಚು ಪಂದ್ಯ ಸೋತ ಕೂಟವೇ ಅಂತರದಲ್ಲಿ ಮುಂದಿದೆ.

ಈಗ ತವರು ಮೈದಾನದ ಲಾಭವನ್ನು ತಿದ್ದಬೇಕು. ಕಾಲೇಜು ಫುಟ್‌ಬಾಲಿನಲ್ಲಿ ಅದನ್ನು ಸುಮಾರು 3 ಅಂಕವೆಂದು ಇಟ್ಟುಕೊಳ್ಳುವುದು ರೂಢಿ. ಎಸ್‌ಇಸಿ ತಂಡ ಹೊರಗೆ ಆಡಿದ ಮೂರು ಪಂದ್ಯಗಳಿಗೆ ಮೂರು ಮೂರು ಅಂಕ ಸೇರಿಸಿ, ತವರಿನಲ್ಲಿ ಆಡಿದ ಒಂದಕ್ಕೆ ಮೂರು ಕಳೆದರೆ ಒಟ್ಟು +17, ಪಂದ್ಯಕ್ಕೆ 1.7. ಓಹಾಯೊ ಸ್ಟೇಟ್ ಮತ್ತು ಟೆಕ್ಸಸ್ ಆಡಿದ್ದು ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ. ಅದನ್ನು ತಟಸ್ಥವೆಂದೇ ಹಿಡಿದಿದ್ದೇನೆ, ಬೇಕೆಂದವರು ಅಲ್ಲಿಯೂ ಒಂದೆರಡು ಅಂಕ ತಿದ್ದಬಹುದು. ಆಮೇಲೆ ಏಕಪಕ್ಷೀಯ ಪಂದ್ಯಗಳಿಗೆ ಮಿತಿ ಹಾಕಬೇಕು, ಏಕೆಂದರೆ ಗೆಲುವು ಖಚಿತವಾದ ಮೇಲೆ ಬಂದ ಅಂಕಗಳು ಬಲಕ್ಕಿಂತ ಹೆಚ್ಚಾಗಿ ಮೀಸಲು ಆಟಗಾರರ ವಿಷಯ ಹೇಳುತ್ತವೆ. 21 ಅಂಕಕ್ಕಿಂತ ಹೆಚ್ಚಿನ ಅಂತರವನ್ನೆಲ್ಲ 21 ಎಂದೇ ಬರೆದರೆ, ತವರಿನ ತಿದ್ದುಪಡಿಯ ನಂತರ ಒಟ್ಟು +3 ಉಳಿಯುತ್ತದೆ: ಪಂದ್ಯಕ್ಕೆ 0.3 ಅಂಕ. ಎರಡು ಕೂಟಗಳು ತಕ್ಕಡಿಯಲ್ಲಿ ಹೆಚ್ಚುಕಡಿಮೆ ಸಮವಾಗಿ ನಿಂತವು.

ಆದರೂ ಲೆಕ್ಕ ಮುಗಿಯಲಿಲ್ಲ. ಯಾರಿಗೆ ಯಾರು ಎದುರಾದರು ಎಂಬುದನ್ನು ನೋಡಬೇಕು. ವಿಸ್ಕಾನ್ಸಿನ್ ಮತ್ತು ಯುಸಿಎಲ್ಎ ಎರಡೂ ಆ ಋತುವನ್ನು 5 ಗೆಲುವು, 7 ಸೋಲಿನೊಂದಿಗೆ ಮುಗಿಸಿದವು. ಅವುಗಳ ಎದುರು ನಿಂತದ್ದು ಒಂಬತ್ತೊಂಬತ್ತು ಪಂದ್ಯ ಗೆದ್ದ ಅಲಬಾಮಾ ಮತ್ತು ಎಲ್‌ಎಸ್‌ಯು. ತಮ್ಮ ಕೂಟದಲ್ಲಿ ಸಮಾನ ಸ್ಥಾನದಲ್ಲಿರುವವರ ನಡುವಿನ ಪಂದ್ಯ ಮಾತ್ರ ಕೂಟಗಳ ಹೋಲಿಕೆಗೆ ನ್ಯಾಯವಾದದ್ದು. ಆ ಎರಡನ್ನು ಕೈಬಿಟ್ಟರೆ, ತಿದ್ದದ ಅಂತರದಲ್ಲಿ ಉಳಿದ ಎಂಟು ಪಂದ್ಯಗಳ ಮೊತ್ತ -38 ಆಗಿ, ಬಿಗ್ ಟೆನ್ ಪಂದ್ಯಕ್ಕೆ ಸುಮಾರು 5 ಅಂಕ ಮುಂದೆ ಹೋಗುತ್ತದೆ. ಇನ್ನೊಂದು ಕಡೆ, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದ ಓಹಾಯೊ ಸ್ಟೇಟ್ ಒಂದೇ ಹತ್ತರಲ್ಲಿ ಎರಡು ಪಂದ್ಯ ಆಡಿದೆ. ಆ ಎರಡನ್ನು ತೆಗೆದರೆ ಗೆಲುವುಗಳು 4-4 ಸಮವಾಗುತ್ತವೆ, ಅಂತರದಲ್ಲಿ ಎಸ್‌ಇಸಿ ಪಂದ್ಯಕ್ಕೆ 6 ಅಂಕಕ್ಕಿಂತ ಹೆಚ್ಚು ಮುಂದಾಗುತ್ತದೆ. ಒಂದು ತಂಡವನ್ನು ತೆಗೆದರೆ ಉತ್ತರ ಒಂದು ಕಡೆಗೂ, ಎರಡು ಅಸಮ ಪಂದ್ಯಗಳನ್ನು ತೆಗೆದರೆ ಇನ್ನೊಂದು ಕಡೆಗೂ ವಾಲುವುದಾದರೆ, ಆ ಉತ್ತರವನ್ನು ಗಟ್ಟಿಯೆಂದು ಹೇಳುವಂತಿಲ್ಲ. ಪ್ರತಿ ಹೋಲಿಕೆಯಲ್ಲಿಯೂ ಒಂದೊಂದೇ ತಂಡವನ್ನು ತೆಗೆದು ಮತ್ತೆ ಕೂಡಿ ನೋಡುವ ಈ ಪರೀಕ್ಷೆಯನ್ನು ವಿದ್ಯಾರ್ಥಿಗಳು ಬಿಡದೆ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೇರೆ ಯಾವ ಸೂತ್ರಕ್ಕಿಂತಲೂ ಇದು ಹೆಚ್ಚು ಕಲಿಸುತ್ತದೆ.

ಆಕಸ್ಮಿಕದ ಪಾಲು ಎಷ್ಟು?

ಸಂಪೂರ್ಣ ಸಮಬಲದ ಎರಡು ಕೂಟಗಳು ಹತ್ತು ಪಂದ್ಯ ಆಡಿದರೆ ಫಲಿತಾಂಶ ಸರಿಯಾಗಿ 5-5 ಬರುವುದು ಸುಮಾರು ನಾಲ್ಕು ಸಲದಲ್ಲಿ ಒಂದು ಸಲ ಮಾತ್ರ. ಉಳಿದ ಮೂರು ಸಲ ಯಾರೋ ಒಬ್ಬರು 6-4 ಅಥವಾ ಅದಕ್ಕಿಂತ ಹೆಚ್ಚಿನ ಮುನ್ನಡೆ ಪಡೆದೇ ಇರುತ್ತಾರೆ. ಹತ್ತು ನಾಣ್ಯ ಚಿಮ್ಮಿದರೆ ಬರುವ ಸಾಧ್ಯತೆಗಳನ್ನು ಬರೆದು ಇದನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಹಾಗಾಗಿ 6-4 ಎಂಬುದು ಬಲದ ವ್ಯತ್ಯಾಸಕ್ಕೆ ಆಧಾರವಾಗಲಾರದು. ಅಂಕಗಳ ಅಂತರ ಸ್ವಲ್ಪ ಹೆಚ್ಚು ಮಾಹಿತಿ ಕೊಡುತ್ತದೆ. ಆದರೆ ಕಾಲೇಜು ಫುಟ್‌ಬಾಲಿನಲ್ಲಿ ಒಂದು ಪಂದ್ಯದ ಅಂತರ ನಿರೀಕ್ಷೆಯಿಂದ ಸುಮಾರು 16 ಅಂಕದ ಮಾನಕ ವಿಚಲನೆಯೊಂದಿಗೆ ಅತ್ತಿತ್ತ ಹೊಯ್ದಾಡುತ್ತದೆ ಎಂದು ಹಿಡಿದರೆ, ಹತ್ತು ಪಂದ್ಯಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಯ ಸುಮಾರು 5 ಅಂಕ. ನಮಗೆ ಸಿಕ್ಕಿದ 0.3 ಅಥವಾ 1.7 ಅದರೊಳಗೆ ಮುಳುಗಿಹೋಗುತ್ತದೆ.

ಬೌಲ್ ಪಂದ್ಯಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2023ರಲ್ಲಿ ಎಸಿಸಿಯ ಫ್ಲಾರಿಡಾ ಸ್ಟೇಟ್ 13 ಪಂದ್ಯಗಳನ್ನೂ ಗೆದ್ದು ಕೂಟದ ಚಾಂಪಿಯನ್ ಆಗಿದ್ದರೂ ನಾಲ್ಕು ತಂಡಗಳ ಪ್ಲೇಆಫ್‌ಗೆ ಆಯ್ಕೆಯಾಗಲಿಲ್ಲ. ಅನಂತರ ಆರೆಂಜ್ ಬೌಲ್‌ನಲ್ಲಿ ಎಸ್‌ಇಸಿಯ ಜಾರ್ಜಿಯಾ ವಿರುದ್ಧ ಅದು 3-63ರಿಂದ ಸೋತಿತು. ಆ ಹೊತ್ತಿಗೆ ಅದರ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ವೃತ್ತಿಪರ ಆಯ್ಕೆಯ ಸಿದ್ಧತೆಗೆಂದೋ, ಬೇರೆ ಕಾಲೇಜಿಗೆ ವರ್ಗವಾಗಲೆಂದೋ, ಗಾಯದಿಂದಲೋ ತಂಡದಿಂದ ಹೊರಗಿದ್ದರು. 60 ಅಂಕಗಳ ಅಂತರವನ್ನು ಎರಡು ಕೂಟಗಳ ಅಂತರವೆಂದು ಓದುವುದು ಆ ಹುಡುಗರಿಗೆ ಮಾಡುವ ಅನ್ಯಾಯ. ಪ್ಲೇಆಫ್ ಪಂದ್ಯಗಳಲ್ಲಿ ಬಹುತೇಕ ಎಲ್ಲರೂ ಆಡುವುದರಿಂದ ಅವಕ್ಕೆ ಪೂರ್ತಿ ತೂಕ ಕೊಡಿ, ಉಳಿದ ಬೌಲ್‌ಗಳಿಗೆ ಅರ್ಧ ತೂಕ ಸಾಕು.

ಸಿದ್ಧ ರೇಟಿಂಗ್‌ಗಳನ್ನು ಬಳಸುವಾಗ

ನೇರ ಪಂದ್ಯಗಳು ಕಡಿಮೆ ಇರುವಲ್ಲಿ ಸುತ್ತುದಾರಿಯ ಪಂದ್ಯಗಳನ್ನೂ ಎಳೆದುಕೊಳ್ಳುವ ವಿಧಾನಗಳಿವೆ. ‘ಅ’ ತಂಡ ‘ಆ’ ತಂಡವನ್ನು, ‘ಆ’ ತಂಡ ‘ಇ’ ತಂಡವನ್ನು ಎಷ್ಟು ಅಂತರದಿಂದ ಸೋಲಿಸಿತು ಎಂಬ ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿ, ಎಲ್ಲಕ್ಕೂ ಅತಿ ಕಡಿಮೆ ದೋಷದಿಂದ ಹೊಂದುವ ಅಂಕವನ್ನು ಪ್ರತಿ ತಂಡಕ್ಕೆ ಕೊಡುವುದು ಮ್ಯಾಸಿ ವಿಧಾನ, ಬಿ.ಎಸ್ಸಿ.ಯಲ್ಲಿ ಓದುವ ಕನಿಷ್ಠ ವರ್ಗಗಳ ವಿಧಾನವೇ ಅದರ ಬುನಾದಿ. ಕಾಲಿ ವಿಧಾನ ಅಂತರವನ್ನು ನೋಡುವುದಿಲ್ಲ. ಗೆಲುವಿಗೆ ಒಂದನ್ನೂ ಪಂದ್ಯಗಳ ಸಂಖ್ಯೆಗೆ ಎರಡನ್ನೂ ಕೂಡಿ ಭಾಗಿಸುವ ಲಾಪ್ಲಾಸನ ನಿಯಮದಿಂದ ಹೊರಟು, ಅನಂತರ ಎದುರಾಳಿಯ ಬಲಕ್ಕೆ ತಿದ್ದುತ್ತದೆ. ಒಂದೇ ಪಂದ್ಯ ಆಡಿ ಗೆದ್ದ ತಂಡಕ್ಕೆ ಪೂರ್ತಿ 1 ಸಿಗದೆ ಮೂರರಲ್ಲಿ ಎರಡು ಪಾಲು ಸಿಗುತ್ತದೆ. 1998ರಿಂದ 2013ರವರೆಗೆ ರಾಷ್ಟ್ರೀಯ ಪ್ರಶಸ್ತಿ ಪಂದ್ಯಕ್ಕೆ ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ವ್ಯವಸ್ಥೆ, ತಂಡಗಳು ಸುಮ್ಮನೆ ಅಂಕ ಪೇರಿಸುವುದನ್ನು ತಡೆಯಲೆಂದು ಕಂಪ್ಯೂಟರ್ ರೇಟಿಂಗ್‌ಗಳಿಂದ ಗೆಲುವಿನ ಅಂತರವನ್ನು ಕೈಬಿಡಿಸಿತ್ತು. ಅದು ಆಟದ ಹಿತಕ್ಕೆ ಸರಿಯಿದ್ದಿರಬಹುದು, ಅಳತೆಯ ಹಿತಕ್ಕೆ ಮಾತ್ರ ನಷ್ಟವೇ ಎಂಬುದು ನನ್ನ ಅಭಿಪ್ರಾಯ.

ಯಾವುದೇ ರೇಟಿಂಗ್ ತೆಗೆದುಕೊಂಡರೂ ಕೂಟದ ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ ಬರೆದುಕೊಳ್ಳಿ. ಸರಾಸರಿ ಮಧ್ಯಾಂಕಕ್ಕಿಂತ ಬಹಳ ಮೇಲಿದ್ದರೆ ಎರಡು ಮೂರು ದೊಡ್ಡ ತಂಡಗಳು ಕೂಟವನ್ನು ಹೊತ್ತಿವೆ ಎಂದರ್ಥ. ಕೆಳಗಿದ್ದರೆ ತಳದ ಒಂದೆರಡು ತಂಡಗಳು ಎಳೆಯುತ್ತಿವೆ. ಋತುವಿನ ಮೊದಲ ನಾಲ್ಕೈದು ವಾರಗಳಲ್ಲಿ ಹಲವು ರೇಟಿಂಗ್‌ಗಳು ಹಿಂದಿನ ವರ್ಷಗಳ ಮಾಹಿತಿಯ ಮೇಲೆ ನಿಂತಿರುತ್ತವೆ, ಆದ್ದರಿಂದ ಅಕ್ಟೋಬರ್ ಮುಗಿಯುವವರೆಗೆ ಅವುಗಳಿಂದ ತೀರ್ಮಾನಕ್ಕೆ ಬರಬೇಡಿ. ಇನ್ನು ಕೆಲವರು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಆಯ್ಕೆಯಾದವರನ್ನು ಎಣಿಸುತ್ತಾರೆ. 2025ರಲ್ಲಿ ಎಸ್‌ಇಸಿಯಿಂದ 79, ಬಿಗ್ ಟೆನ್‌ನಿಂದ 71 ಮಂದಿ ಆಯ್ಕೆಯಾದರು. ತಂಡಕ್ಕೆ ಭಾಗಿಸಿದರೆ ಸುಮಾರು 4.9 ಮತ್ತು 3.9. ಇದು ಪ್ರತಿಭೆಯ ದಟ್ಟಣೆಯನ್ನು ಚೆನ್ನಾಗಿ ಹೇಳುತ್ತದೆ, ತಂಡವಾಗಿ ಆಡಿದ್ದನ್ನು ಹೇಳುವುದಿಲ್ಲ.

ನಮ್ಮ ಅಂಕಣಕ್ಕೆ ಬಂದಾಗ

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಶಾಲಾ ಶಿಕ್ಷಣದ ಆಡಳಿತದಲ್ಲಿ ಅದು ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿದೆ. ಶಿರಾ ಮಧುಗಿರಿಗೆ ಸೇರಿದೆ, ಕುಣಿಗಲ್ ತುಮಕೂರಿಗೆ. ಹಾಗಾಗಿ ಎರಡೂ ತಾಲ್ಲೂಕುಗಳ ಶಾಲಾ ತಂಡಗಳು ಶೈಕ್ಷಣಿಕ ಜಿಲ್ಲಾ ಮಟ್ಟದಲ್ಲಿಯೂ ಒಂದೇ ಅಂಕಣಕ್ಕೆ ಬರಬೇಕಾಗಿಲ್ಲ. ತಾಲ್ಲೂಕು ಮಟ್ಟದಲ್ಲಿ ಗೆದ್ದ ತಂಡವಷ್ಟೇ ಮುಂದಕ್ಕೆ ಹೋಗುವ ಪದ್ಧತಿಯಲ್ಲಿ ಗಡಿ ದಾಟುವುದು ತಲೆಯ ತಂಡ ಮಾತ್ರ. ಉಳಿದ ಹತ್ತು ಹದಿನೈದು ಶಾಲೆಗಳ ಬಲ ಅಲ್ಲಿಗೇ ಮುಚ್ಚಿಹೋಗುತ್ತದೆ. ಅಂಥ ಫಲಿತಾಂಶಗಳಿಂದ ‘ಯಾರ ಚಾಂಪಿಯನ್ ಬಲಿಷ್ಠ’ ಎಂದು ಹೇಳಬಹುದು, ‘ಯಾವ ತಾಲ್ಲೂಕಿನ ಕಬಡ್ಡಿ ಬಲಿಷ್ಠ’ ಎಂದು ಹೇಳಲಾಗದು.

ಎರಡನೆಯದು ಬೇಕಾದರೆ ಊರೂರುಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳ ಫಲಿತಾಂಶ ಕಲೆಹಾಕಬೇಕು, ಏಕೆಂದರೆ ಅಲ್ಲಿ ನಡುಮಟ್ಟದ ತಂಡಗಳೂ ತಾಲ್ಲೂಕಿನ ಗಡಿ ದಾಟಿ ಬರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಂದು ಸಾಲು ಇಡಿ: ದಿನಾಂಕ, ಎರಡೂ ತಂಡಗಳು ಮತ್ತು ಅವುಗಳ ತಾಲ್ಲೂಕು, ಅಂಕ, ಆತಿಥೇಯ ಊರು, ಮಣ್ಣಿನ ಅಂಕಣವೋ ಮ್ಯಾಟೋ, ಬೇರೆ ಊರಿನಿಂದ ಕರೆಸಿದ ಆಟಗಾರರು ಇದ್ದರೋ ಇಲ್ಲವೋ. ಕೊನೆಯ ಕಾಲಂ ಬಹಳ ಮುಖ್ಯ. ಬಹುಮಾನದ ಪಂದ್ಯಾವಳಿಗೆ ತಂಡ ತನ್ನ ತಾಲ್ಲೂಕಿನ ಹೆಸರಿನಲ್ಲಿ ಬಂದರೂ ಇಬ್ಬರು ರೈಡರ್‌ಗಳು ಹೊರಗಿನವರಾಗಿದ್ದರೆ ಆ ಗೆಲುವು ತಾಲ್ಲೂಕಿನದಲ್ಲ. ಎದುರಾಳಿಯನ್ನು ಆಲೌಟ್ ಮಾಡಿದಾಗ ಎರಡು ಅಂಕ ಹೆಚ್ಚುವರಿಯಾಗಿ ಸಿಗುವುದರಿಂದ ಕಬಡ್ಡಿಯಲ್ಲಿ ಅಂತರ ಒಮ್ಮೆಲೇ ಹಿಗ್ಗುತ್ತದೆ, ಆದ್ದರಿಂದ ಇಲ್ಲಿಯೂ ಅಂತರಕ್ಕೆ ಒಂದು ಮಿತಿ ಹಾಕಿಕೊಳ್ಳಿ. ತವರಿನ ಲಾಭವನ್ನು ಅಮೆರಿಕದ 3 ಅಂಕದಿಂದ ಎರವಲು ತರಬೇಡಿ. ಆತಿಥೇಯ ತಂಡಗಳು ತಮ್ಮ ಊರಿನಲ್ಲಿ ಮತ್ತು ಹೊರಗೆ ಪಡೆದ ಸರಾಸರಿ ಅಂತರಗಳ ವ್ಯತ್ಯಾಸವನ್ನು ನಿಮ್ಮ ನೋಟ್‌ಬುಕ್ಕಿನಿಂದಲೇ ತೆಗೆದು, ಅದರ ಅರ್ಧವನ್ನು ಪ್ರತಿ ಪಂದ್ಯಕ್ಕೆ ಬಳಸಿ.

ಫಲಿತಾಂಶ ಬರೆಯುವಾಗ ಪ್ರಶ್ನೆ ಯಾವುದು, ಪಂದ್ಯಗಳೆಷ್ಟು, ಯಾವ ತಿದ್ದುಪಡಿ ಮಾಡಲಾಗಿದೆ, ಯಾವ ತಂಡವನ್ನು ತೆಗೆದರೆ ಉತ್ತರ ತಿರುಗುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಒಂದೇ ಪ್ಯಾರಾದಲ್ಲಿ ಕೊಡಿ. ಗಡಿ ದಾಟಿದ ಪಂದ್ಯಗಳು ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎರಡು ತಾಲ್ಲೂಕುಗಳಿಗೆ ಮೊದಲ, ಎರಡನೆಯ ಸ್ಥಾನ ಕೊಡುವ ಬದಲು ಸರಾಸರಿ ಅಂತರವನ್ನೂ ಅದರ ಅನಿಶ್ಚಯವನ್ನೂ ಬರೆದು, ಮುಂದಿನ ಋತುವಿನ ಫಲಿತಾಂಶಗಳಿಗೆ ಅದೇ ಪುಟದಲ್ಲಿ ಜಾಗ ಬಿಡಿ.